ಸ್ಕೇಲ್, ಗೇಜ್ ಎರಡಕ್ಕೂ ‘ಅಳತೆ’ ಅಂದ್ರೆ ಸಾಕಾ? ಹಳಿ, ಕಂಬಿ ಬಗ್ಗೆಯೂ ಒಂದು ಪ್ರಶ್ನೆ

ಮಾಡೆಲ್ ರೈಲಿನ ಫೋಟೋಗಳಿಗೆ ಕನ್ನಡದಲ್ಲಿ ಅಡಿಬರಹ ಬರೀತಾ ಇದ್ದೀನಿ, ಪಕ್ಕದಲ್ಲೇ ಅಸಲಿ ರೈಲಿನ ಫೋಟೋನೂ ಇಡ್ತೀನಿ, ನೋಡೋರು ಎರಡನ್ನೂ ಹೋಲಿಸಿ ನೋಡ್ಲಿ ಅಂತ. ಕೆಲಸ ನಿಂತಿರೋದು ಸ್ಕೇಲ್ ಮತ್ತು ಗೇಜ್ ಅನ್ನೋ ಎರಡು ಪದಗಳ ಹತ್ರ. ಎರಡಕ್ಕೂ ‘ಅಳತೆ’ ಅಂತ ಬರೆದುಬಿಡಬಹುದು, ಆದ್ರೆ ಹಾಗೆ ಬರೆದ್ರೆ ಈ ಹವ್ಯಾಸದ ಮುಖ್ಯ ವಿಷಯವೇ ಓದುಗರಿಗೆ ಸಿಗಲ್ಲ.

ಸ್ಕೇಲ್ ಅಂದ್ರೆ ಅಸಲಿ ಗಾಡಿಯನ್ನ ಎಷ್ಟರಲ್ಲೊಂದು ಪಾಲಿಗೆ ಇಳಿಸಿದ್ದಾರೆ ಅನ್ನೋದು, ಗೇಜ್ ಅಂದ್ರೆ ಎರಡು ಕಂಬಿಗಳ ಒಳ ಅಂಚಿನ ನಡುವೆ ಎಷ್ಟು ಜಾಗ ಇದೆ ಅನ್ನೋದು. ಮಾಡೆಲ್ ರೈಲುಗಳಲ್ಲಿ ಎಚ್‌ಓ, ಓಓ, ಎನ್ ಅಂತ ಬಗೆಗಳಿವೆ. ಎಚ್‌ಓ ಸ್ಕೇಲ್ 1:87, ಅದರ ಹಳಿಯ ಗೇಜ್ 16.5 ಮಿ.ಮೀ., ಅಸಲಿ ಸ್ಟ್ಯಾಂಡರ್ಡ್ ಗೇಜ್ 1435 ಮಿ.ಮೀ.ನ 87ರಿಂದ ಭಾಗಿಸಿದ್ರೆ ಹೆಚ್ಚುಕಡಿಮೆ ಅಷ್ಟೇ ಬರತ್ತೆ, ತಕರಾರಿಲ್ಲ. ಬ್ರಿಟನ್ನಿನ ಓಓಗೆ ಬಂದ್ರೆ ಗಾಡಿ 1:76.2, ಹಳಿ ಮಾತ್ರ ಅದೇ 16.5. ಅಲ್ಲಿನ ಅಸಲಿ ಇಂಜಿನ್‌ಗಳ ಮೈಯೇ ಸ್ವಲ್ಪ ಸಣ್ಣದು, 1:87ಕ್ಕೆ ಇಳಿಸಿದ್ರೆ ಆಗಿನ ಮೋಟರ್ ಒಳಗೆ ಹಿಡೀತಿರ್ಲಿಲ್ಲ, ಅದಕ್ಕೆ ಮೈ ದೊಡ್ಡದು ಮಾಡಿ ಹಳೀನ ಇದ್ದಂಗೇ ಬಿಟ್ರು. ಲೆಕ್ಕ ಹಾಕಿದ್ರೆ ಆ ಹಳಿ 1257 ಮಿ.ಮೀ. ಅಗಲದ ಅಸಲಿ ಹಳಿಗೆ ಸಮ, ಅಂದ್ರೆ ಸುಮಾರು 18 ಸೆಂ.ಮೀ. ಕಡಿಮೆ! ಎನ್ ಇನ್ನೂ ವಿಚಿತ್ರ, ಆ ಹೆಸರು ಬಂದಿರೋದೇ 9 ಮಿ.ಮೀ. ಗೇಜ್‌ನಿಂದ, ಆ ಒಂದೇ ಹಳಿ ಮೇಲೆ ಹೆಚ್ಚಿನ ಕಡೆ 1:160, ಬ್ರಿಟನ್ನಲ್ಲಿ 1:148, ಜಪಾನಲ್ಲಿ 1:150 ಗಾಡಿಗಳು ಓಡ್ತವೆ.

ಫೋಟೋ ತೆಗೆಯೋರಿಗೆ ಈ ವ್ಯತ್ಯಾಸ ಕಣ್ಣಿಗೇ ಬೀಳತ್ತೆ. ಓಓ ಗಾಡಿಯನ್ನ ಪಕ್ಕದಿಂದ ತೆಗೆದ್ರೆ ಏನೂ ಗೊತ್ತಾಗಲ್ಲ, ಎದುರಿಂದ ತೆಗೆದ್ರೆ ಅಗಲವಾದ ಮೈ ಕೆಳಗೆ ಗಾಲಿಗಳು ಒತ್ತೊತ್ತಾಗಿ ಕಾಣ್ತವೆ, ಅದೂ ಫೋನನ್ನ ತಲೆಕೆಳಗೆ ಹಿಡಿದು ಲೆನ್ಸ್ ನೆಲಕ್ಕೆ ಹತ್ರ ತಂದು ತೆಗೆದ್ರಂತೂ ಇನ್ನೂ ಸ್ಪಷ್ಟ. (1:87ರಲ್ಲಿ ನಿಂತಿರೋ ಮನುಷ್ಯನ ಕಣ್ಣು ನೆಲದಿಂದ 18 ಮಿ.ಮೀ. ಆಸುಪಾಸಲ್ಲಿ ಇರತ್ತೆ, ಲೆನ್ಸ್ ಅಲ್ಲಿಗೆ ಇಳಿದ್ರೇನೇ ಆಟಿಕೆ ಹೋಗಿ ರೈಲು ಅನ್ಸೋದು. ಈ ಎತ್ತರಕ್ಕೆ ‘ಕಣ್ಮಟ್ಟ’ ಅಂತ ಬರೆದಿದ್ದೀನಿ, ನಂಗೆ ಬಹಳ ಇಷ್ಟವಾಯ್ತು.) ಇಂಥ ಫೋಟೋ ಕೆಳಗೆ ‘ಅಳತೆ ತಪ್ಪಿದೆ’ ಅಂತ ಬರೆದ್ರೆ ಯಾವ ಅಳತೆ ಅಂತ ಓದೋರು ಕೇಳೇ ಕೇಳ್ತಾರೆ.

ಈಗ ಪದಗಳಿಗೆ ಬರ್ತೀನಿ. ಸ್ಕೇಲ್‌ಗೆ ‘ಪ್ರಮಾಣ’ ಅಂತ ಹಾಕಿ ನೋಡಿದೆ, ‘ದೊಡ್ಡ ಪ್ರಮಾಣದ ರೈಲು’ ಅಂದ್ರೆ ಕನ್ನಡದ ಕಿವಿಗೆ ತುಂಬಾ ರೈಲು ಅನ್ನೋ ಹಾಗೆ ಕೇಳತ್ತೆ. ನಂಗೆ ಹಿಡಿಸಿದ್ದು ‘ಪಾಲು’. ‘ಎಂಬತ್ತೇಳರಲ್ಲೊಂದು ಪಾಲಿನ ಇಂಜಿನ್’ ಅಂದ್ರೆ ಲೆಕ್ಕವೂ ಅದರಲ್ಲೇ ಇದೆ, 76ರಲ್ಲೊಂದು ಪಾಲು 87ರಲ್ಲೊಂದು ಪಾಲಿಗಿಂತ ದೊಡ್ಡದು ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಗೇಜ್ ಕಷ್ಟ. ‘ಹಳಿಯಗಲ’ ಅನ್ನೋಣ ಅಂದ್ರೆ ಹಳಿ ಅಂದ್ರೆ ಒಂದು ಕಂಬಿಯೋ, ಎರಡು ಕಂಬಿ ಸೇರಿದ ದಾರಿಯೋ? ‘ರೈಲು ಹಳಿ ತಪ್ಪಿತು’ ಅಂದಾಗ ದಾರಿ. ‘ಹಳಿಗಳ ನಡುವೆ ಜಲ್ಲಿ’ ಅಂದಾಗ ಕಂಬಿ. ಪತ್ರಿಕೆಗಳಲ್ಲಿ ‘ಜೋಡಿ ಹಳಿ ಕಾಮಗಾರಿ’ ಅಂತ ಬಂದಾಗ ಎರಡು ದಾರಿ, ಅಂದ್ರೆ ನಾಲ್ಕು ಕಂಬಿ. ಮಾಡೆಲ್ ಮಾಡೋರಿಗೆ ಒಂದೊಂದು ಕಂಬಿಯ ಅಳತೆಯೂ ಮುಖ್ಯ, ಕೋಡ್ 100 ಅಂದ್ರೆ ಕಂಬಿಯ ಎತ್ತರ 0.100 ಇಂಚು, ಕೋಡ್ 83 ಅಂದ್ರೆ 0.083, ಫೋಟೋದಲ್ಲಿ ಸಣ್ಣ ಕಂಬಿಯೇ ಸಹಜವಾಗಿ ಕಾಣೋದು. ಹಾಗಾಗಿ ‘ಹಳಿಯಗಲ’ ಓದಿದೋರು ಕಂಬಿಯ ದಪ್ಪ ಅಂದ್ಕೊಳ್ಳಬಹುದು, ‘ಹಳಿ ಅಂತರ’ ಅಂದ್ರೆ ಪಕ್ಕಪಕ್ಕದ ಎರಡು ದಾರಿಗಳ ನಡುವಿನ ದೂರ ಅಂದ್ಕೊಳ್ಳಬಹುದು.

ನನ್ನ ಸದ್ಯದ ತೀರ್ಮಾನ ಹೀಗಿದೆ, ಒಂದೊಂದು ಉಕ್ಕಿನ ಪಟ್ಟಿಗೆ ಯಾವಾಗಲೂ ಕಂಬಿ, ಎರಡೂ ಸೇರಿದ ದಾರಿಗೆ ಯಾವಾಗಲೂ ಹಳಿ, ಗೇಜ್‌ಗೆ ‘ಕಂಬಿಯೆಡೆ’. ಎಡೆ ಅನ್ನೋದರಲ್ಲಿ ನಡುವಿನ ಜಾಗ ಅನ್ನೋ ಅರ್ಥ ಇದ್ದೇ ಇದೆ, ಒಳ ಅಂಚಿಂದ ಒಳ ಅಂಚಿಗೆ ಅಳೆಯೋದಕ್ಕೂ ಹೊಂದತ್ತೆ. ಬ್ರಾಡ್‌ಗೇಜ್, ಮೀಟರ್‌ಗೇಜ್ ಮಾತ್ರ ಮುಟ್ಟಲ್ಲ, ಅವು ಆಗಲೇ ಕನ್ನಡದ ಮಾತಾಗಿವೆ, ‘1676 ಮಿ.ಮೀ. ಕಂಬಿಯೆಡೆಯ ಬ್ರಾಡ್‌ಗೇಜ್’ ಅಂತ ಬರೆದ್ರೆ ಎರಡೂ ಜೊತೇಲೇ ನಡೀತವೆ.

ಹಳಿ ಮೇಲೆ ದಿನಾ ಕೆಲಸ ಮಾಡೋರ ಒಡನಾಟ ಇರೋರು ದಯವಿಟ್ಟು ಹೇಳಿ, ಅವರ ಮಾತಲ್ಲಿ ಕಂಬಿ, ಹಳಿ ಬೇರೆ ಬೇರೆಯಾಗೇ ಇದಾವಾ, ಗೇಜ್ ಕೋಲು ಇಟ್ಟು ನೋಡುವಾಗ ಆ ನಡುವಿನ ಜಾಗಕ್ಕೆ ಏನಂತಾರೆ? ಅವರ ಹತ್ರ ಬಳಕೆಯ ಪದ ಇದ್ರೆ ‘ಕಂಬಿಯೆಡೆ’ ತೆಗೆದು ಅದನ್ನೇ ಹಾಕ್ತೀನಿ.