ಕನ್ನಡ ಶಾಲೆಯ ಎಂಟನೇ ಕ್ಲಾಸಿಗೆ ಕೈಯಾರೆ ವಿಜ್ಞಾನ: ನಾವು ಶಾಲೆಗೆ ಹೋಗುವುದೋ, ಮಕ್ಕಳನ್ನು ಲ್ಯಾಬಿಗೆ ತರುವುದೋ? ಅನುಭವ ಇದ್ದವರು ಹೇಳಿ

ಸಂಶೋಧನಾ ವಿದ್ಯಾರ್ಥಿ, ಕಾಸರಗೋಡು
ವಿಶ್ವವಿದ್ಯಾಲಯದ ನಮ್ಮ ವಿಭಾಗದವರು ಪೆರ್ಲ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಗೆ ಹೋಗುವ ಅಂದಾಜಿನಲ್ಲಿದ್ದೇವೆ. ಎಂಟನೇ ಕ್ಲಾಸು, ಎರಡು ಡಿವಿಜನ್ ಸೇರಿ 60 ಮಕ್ಕಳು. ಸಿಗುವುದು ಮೂರು ಗಂಟೆ, ಕೈಯಲ್ಲಿರುವುದು 12,000 ರೂಪಾಯಿ. ಹತ್ತು ಜನ ಸ್ವಯಂಸೇವಕರಲ್ಲಿ ಕನ್ನಡ ಬರುವವರು ಮೂವರು. ಯಾವ ಪ್ರಯೋಗ ಇಡಬಹುದು? ವಿಜ್ಞಾನ ದಿನ ಎಂದು ಫೆಬ್ರವರಿ 28ಕ್ಕೆ ಇಟ್ಟುಕೊಂಡರೆ ಆದೀತೇ?

ಕುಂಬಳೆ ಭೌತಶಾಸ್ತ್ರ
ಹತ್ತು ಪ್ರಯೋಗದ ಮೇಜು ಹಾಕಿ ಮಕ್ಕಳನ್ನು ಮೆರವಣಿಗೆ ಮಾಡಿಸಬೇಡಿ. ಒಂದೇ ಹಿಡಿಯಿರಿ, ಸೆಲ್ಲಿನ ಮೇಲೆ ತಿರುಗುವ ತಂತಿ ಸುರುಳಿಯ ಮೋಟರ್. ಇಬ್ಬರಿಗೆ ಒಂದರಂತೆ 30 ಸೆಟ್ಟು.

ತಂತಿ ಮೋಟರ್ ವೈಂಡಿಂಗ್ ಅಂಗಡಿಯಲ್ಲೇ ಸಿಗುತ್ತದೆ. 24 ಗೇಜಿನ ಎನಾಮೆಲ್ (ಕರೆಂಟು ಹಾಯದ ಲೇಪ) ಇರುವ ತಾಮ್ರ ಕೇಳಿ. 100 ಗ್ರಾಮಿಗೆ ಸುಮಾರು 45 ಮೀಟರ್ ಬರುತ್ತದೆ. ಒಂದು ಸುರುಳಿಗೆ 1.2 ಮೀಟರ್ ಬೇಕು, ಅಂದರೆ 36 ಮೀಟರಿನಲ್ಲಿ ಕೆಲಸ ಮುಗಿಯಿತು, ಉಳಿದದ್ದು ತುಂಡಾಗುವುದಕ್ಕೆ. ದೊಡ್ಡ ಟಾರ್ಚಿನ ಸೆಲ್ಲಿಗೇ ಹತ್ತು ಸುತ್ತು ಸುತ್ತಿ ಜಾರಿಸಿ ತೆಗೆದು, ಎರಡು ಬದಿಗೆ 5 ಸೆಂಟಿಮೀಟರ್ ಬಾಲ ಬಿಟ್ಟು, ಬಾಲವನ್ನು ಸುರುಳಿಗೆ ಎರಡು ಗಂಟು ಹಾಕಿ ಬಿಗಿ ಮಾಡಬೇಕು. ಎರಡು ಬಾಲ ಒಂದೇ ನೇರಕ್ಕೆ ಇರಬೇಕು. ಅದು ಸೊಟ್ಟಗಿದ್ದರೆ ಬೇರೆ ಎಲ್ಲ ಸರಿ ಇದ್ದರೂ ತಿರುಗಲಿಕ್ಕಿಲ್ಲ. ಸೆಲ್ಲಿನ ಎರಡು ತುದಿಗೆ ದೊಡ್ಡ ಸೇಫ್ಟಿ ಪಿನ್ ಇಟ್ಟು ರಬ್ಬರ್ ಬ್ಯಾಂಡ್ ಹಾಕಿ, ಬಾಲಗಳನ್ನು ಪಿನ್ನಿನ ತೂತಿಗೆ ತೂರಿಸಿ. ಅಯಸ್ಕಾಂತ ಸೆಲ್ಲಿನ ತಗಡಿಗೇ ಕಚ್ಚಿ ನಿಲ್ಲುತ್ತದೆ. ಸುರುಳಿಗೂ ಅದಕ್ಕೂ ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ಅಂತರ ಬೇಡ.

ಹತ್ತರಲ್ಲಿ ಎಂಟು ಕೆಡುವುದು ಎನಾಮೆಲ್ ಕೆರೆಯುವಲ್ಲಿ. ಒಂದು ಬಾಲವನ್ನು ಸುತ್ತಲೂ ಕೆರೆಯಬೇಕು. ಇನ್ನೊಂದನ್ನು, ಸುರುಳಿಯನ್ನು ನೆಟ್ಟಗೆ ಹಿಡಿದು, ಮೇಲಿನ ಅರ್ಧ ಮಾತ್ರ. ಎರಡನ್ನೂ ಪೂರ್ತಿ ಕೆರೆದರೆ ಅರ್ಧ ಸುತ್ತಿಗೊಮ್ಮೆ ಬಲದ ದಿಕ್ಕು ಉಲ್ಟಾ ಆಗಿ ಸುರುಳಿ ಅತ್ತಿತ್ತ ತೂಗಿ ನಿಲ್ಲುತ್ತದೆ. ಬರೀ ಸ್ಯಾಂಡ್ ಪೇಪರ್ ಕೊಟ್ಟರೆ ಅದು ತಂತಿಯ ಸುತ್ತ ಮಡಚಿಕೊಂಡು ನಾಲ್ಕೂ ಬದಿ ತಿನ್ನುತ್ತದೆ. ಐಸ್‌ಕ್ರೀಮ್ ಕಡ್ಡಿಗೆ ಅದನ್ನು ಅಂಟಿಸಿ ಕೊಡಿ. ಬ್ಲೇಡ್ ಬೇಡವೇ ಬೇಡ.

ಸುರುಳಿಯ ರೋಧ 0.1 ಓಮಿಗಿಂತಲೂ ಕಡಿಮೆ, ಸೆಲ್ಲು ಹೆಚ್ಚುಕಡಿಮೆ ಶಾರ್ಟ್ ಆದ ಹಾಗೆಯೇ. ತಿರುಗದೆ ನಿಂತ ಸುರುಳಿಯನ್ನು ಹಾಗೇ ಬಿಟ್ಟರೆ ಪಿನ್ನು ಕೈ ಸುಡುವಷ್ಟು ಬಿಸಿಯಾಗುತ್ತದೆ, ಸೆಲ್ಲು ಮುಗಿಯುತ್ತದೆ. 40 ಸೆಲ್ಲು ತನ್ನಿ. 9 ವೋಲ್ಟಿನ ಚೌಕ ಬ್ಯಾಟರಿ ತಂದು ಹಣ ಹಾಳು ಮಾಡುವವರೂ ಇದ್ದಾರೆ. ಅದರ ಒಳರೋಧ ಹೆಚ್ಚು, ಬೇಕಾದ ಕರೆಂಟು ಕೊಡುವುದೇ ಇಲ್ಲ. ತಂತಿ 150, ಸೆಲ್ಲು 1,000, ಅಯಸ್ಕಾಂತ 600, ಪಿನ್ನು, ಬ್ಯಾಂಡು, ಕಡ್ಡಿ ಎಲ್ಲ ಸೇರಿ 250. ಎರಡು ಸಾವಿರದಲ್ಲಿ 30 ಮೋಟರ್, ಮಕ್ಕಳು ಮನೆಗೂ ಕೊಂಡುಹೋಗುತ್ತಾರೆ.

ಜೀವಕೋಶ
ಮೋಟರ್ ಎಲ್ಲ ವಿಜ್ಞಾನ ಮೇಳದಲ್ಲೂ ಇರುತ್ತದೆ ಸಾರ್. ವಿಶ್ವವಿದ್ಯಾಲಯದಿಂದ ಬಂದವರು ಶಾಲೆಯಲ್ಲಿ ಇಲ್ಲದ್ದನ್ನು ಕೊಡಬೇಕು. ಬಾಳೆಹಣ್ಣಿನ ಡಿಎನ್‌ಎ ತೆಗೆಸಿ, ಮಕ್ಕಳು ಬಾಯಿ ಬಿಟ್ಟು ನೋಡುತ್ತಾರೆ.

ನಾಲ್ವರಿಗೆ ಅರ್ಧ ಹಣ್ಣು, ಚೆನ್ನಾಗಿ ಕಳಿತ ಮೈಸೂರು ಅಥವಾ ಕದಳಿ. ನೇಂದ್ರ ಬೇಡ, ಪಿಷ್ಟ ಹೆಚ್ಚಾಗಿ ಸೋಸುವಾಗ ಕಟ್ಟುತ್ತದೆ. ಜಿಪ್ ಚೀಲದಲ್ಲಿ ಹಾಕಿ ಕೈಯಿಂದಲೇ ಹಿಸುಕಿಸಿ. 100 ಮಿಲಿ ನೀರು, ಅರ್ಧ ಚಮಚ ಉಪ್ಪು, ಎರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಮೊದಲೇ ಕಲಸಿಟ್ಟು ಅದನ್ನು ಸೇರಿಸಿ. ಸೋಪು ಕೋಶದ ಕೊಬ್ಬಿನ ಪೊರೆಯನ್ನು ಒಡೆಯುತ್ತದೆ, ಉಪ್ಪಿನ ಸೋಡಿಯಂ ಡಿಎನ್‌ಎಯ ಋಣ ಆವೇಶವನ್ನು ತಗ್ಗಿಸಿ ಎಳೆಗಳು ಒಟ್ಟಾಗುವಂತೆ ಮಾಡುತ್ತದೆ. ಐದು ನಿಮಿಷ ಬಿಟ್ಟು ಹಳೆ ಬೈರಾಸಿನ ತುಂಡಿನಲ್ಲಿ ಸೋಸಿ. ಫಿಲ್ಟರ್ ಕಾಗದ ತಂದರೆ ಮೂರು ಗಂಟೆಯೂ ಅದರಲ್ಲೇ ಹೋದೀತು.

ಸೋಸಿದ್ದು 5 ಮಿಲಿ ಟ್ಯೂಬಿಗೆ. ಅದರ ಮೇಲೆ ಮಂಜಿನಂತೆ ತಣ್ಣಗಿರುವ 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ 10 ಮಿಲಿ, ಟ್ಯೂಬನ್ನು ಓರೆ ಹಿಡಿದು ಗೋಡೆಯ ಮೇಲಿನಿಂದ ಜಾರಿಸಬೇಕು. ಎಥನಾಲಿನ ಸಹವಾಸ ಬೇಡ, ಅಬಕಾರಿ ಪರ್ಮಿಟಿನ ಕಾಗದಕ್ಕೆ ಅಲೆಯಬೇಕಾಗುತ್ತದೆ. ಸ್ಯಾನಿಟೈಸರ್ ಜೆಲ್ಲಿನಲ್ಲಿ ಆಗುವುದಿಲ್ಲ, ಅದರಲ್ಲಿ ನೀರೇ ಮೂರರಲ್ಲಿ ಒಂದು ಪಾಲು. ಶಾಲೆಯಲ್ಲಿ ಫ್ರೀಜರ್ ಇಲ್ಲದಿದ್ದರೆ ಮೀನು ಮಾರುಕಟ್ಟೆಯ ಐಸು, ಥರ್ಮೋಕೋಲ್ ಪೆಟ್ಟಿಗೆ. ಟ್ಯೂಬನ್ನು ಕುಲುಕಿಸಲೇಬಾರದು, ಎಳೆ ತುಂಡಾಗುತ್ತದೆ. ಐದು ನಿಮಿಷದಲ್ಲಿ ಎರಡು ದ್ರವದ ನಡುವೆ ಬಿಳಿ ಎಳೆ ಏಳುತ್ತದೆ, ಹಲ್ಲುಕಡ್ಡಿಗೆ ಸುತ್ತಿ ತೆಗೆಯಬಹುದು. ಹತ್ತಿರ ಎಲ್ಲೂ ಬೆಂಕಿ ಇರಬಾರದು, ಕಿಡಿ ತಾಗಿದರೆ ಆ ದ್ರವದ ಆವಿ 12 ಡಿಗ್ರಿಯಲ್ಲೇ ಹೊತ್ತಿಕೊಳ್ಳುತ್ತದೆ. ಬಾಟ್ಲಿ ಬಸ್ಸಿನಲ್ಲಿ ಒಯ್ಯಬೇಡಿ.

ಬಯೋಕೆಮ್ ಉಪ್ಪಳ
ಇದನ್ನು ಡಿಎನ್‌ಎ ಎಂದು ಹೇಳಿ ಮಕ್ಕಳಿಗೆ ಸುಳ್ಳು ಕಲಿಸುವುದು ಸಾಕು. ಬಾಳೆಹಣ್ಣಿನಲ್ಲಿ ಬೇಕಾದಷ್ಟು ಪೆಕ್ಟಿನ್ (ಹಣ್ಣಿನ ಅಂಟು ಪದಾರ್ಥ) ಉಂಟು, ಅದೂ ಆಲ್ಕೋಹಾಲಿನಲ್ಲಿ ಬಿಳಿಯಾಗಿ ಮೇಲೆ ಬರುತ್ತದೆ. ಜಾಮ್ ಮಾಡುವವರು ಪೆಕ್ಟಿನ್ ಪರೀಕ್ಷಿಸುವುದು ಹೀಗೆಯೇ. ಮಕ್ಕಳು ಹಲ್ಲುಕಡ್ಡಿಗೆ ಸುತ್ತಿದ್ದರಲ್ಲಿ ಎಷ್ಟು ಪಾಲು ಯಾವುದು ಎಂದು ನೀವು ತೋರಿಸುವುದೇ ಇಲ್ಲ. ಒಣ ಹಸಿರು ಬಟಾಣಿ 50 ಗ್ರಾಮ್ ರಾತ್ರಿ ನೆನೆಹಾಕಿ, 100 ಮಿಲಿ ತಣ್ಣೀರಿನಲ್ಲಿ ಮಿಕ್ಸಿಯಲ್ಲಿ 15 ಸೆಕೆಂಡು ತಿರುಗಿಸಿ, ಉಳಿದದ್ದು ಅದೇ ಕ್ರಮ. ಪೆಕ್ಟಿನ್ ಕಡಿಮೆ, ಎಳೆ ಉದ್ದ.

ಜೀವಕೋಶ
ಎಂಟನೇ ಕ್ಲಾಸಿನ ಕನ್ನಡ ಶಾಲೆಗೆ ಮಿಕ್ಸಿ ಹೊತ್ತುಕೊಂಡು ಹೋಗುವುದಾ? ಕರೆಂಟು ಹೋದರೆ ಬಟಾಣಿ ಅರೆಯುವುದು ಯಾರು? ಬಾಳೆಹಣ್ಣು ಮಕ್ಕಳ ತೋಟದ್ದು, ಹಿಸುಕುವುದು ಅವರ ಕೈ. ಪೆಕ್ಟಿನ್ ಬಗ್ಗೆ ಗೊತ್ತಿಲ್ಲದೆ ಬರೆದದ್ದಲ್ಲ. ಪಕ್ಕದಲ್ಲಿ ಸೋಪು ಹಾಕದ ಇನ್ನೊಂದು ಟ್ಯೂಬು ಇಟ್ಟರಾಯಿತು. ಅದರಲ್ಲೂ ಬಿಳಿ ಬಂದರೆ ಅದು ಬಹುಪಾಲು ಪೆಕ್ಟಿನ್. ಎರಡರ ವ್ಯತ್ಯಾಸ ನೋಡಿ ಮಕ್ಕಳೇ ವಾದ ಮಾಡಲಿ. ಅದೇ ವಿಜ್ಞಾನ.

ಬಯೋಕೆಮ್ ಉಪ್ಪಳ
ಆ ಎರಡನೇ ಟ್ಯೂಬನ್ನು ಮೊದಲೇ ಬರೆಯಬೇಕಿತ್ತು. ಅದಿಲ್ಲದೆ ಈ ಪ್ರಯೋಗ ಬರೀ ಕಣ್ಕಟ್ಟು.

ಬೇಳ ಟೀಚರ್
ಇಬ್ಬರೂ ಸ್ವಲ್ಪ ನಿಲ್ಲಿ. ಫೆಬ್ರವರಿ 28 ಎಂದು ಬರೆದದ್ದು ಕಂಡಿತು. ರಾಮನ್ ಪರಿಣಾಮ 1928ರಲ್ಲಿ ಆ ದಿನ ಕಂಡದ್ದು ಸರಿ, ಆದರೆ ಆಗ ಶಾಲೆಯಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಕಣ್ಣೆದುರು ಇರುತ್ತದೆ, ಹಾಲ್ ಸಿಗುವುದಿಲ್ಲ, ಎಂಟನೆಯವರಿಗೂ ವರ್ಷದ ಪರೀಕ್ಷೆ ಹತ್ತಿರ. ಎಲ್ಲ ಕಾಲೇಜಿನವರಿಗೂ ಅದೇ ವಾರ ಬೇಕು. ಜೂನ್, ಜುಲೈಯಲ್ಲಿ ಮಳೆಗೆ ಯಾವ ದಿನ ರಜೆ ಎಂದು ಹಿಂದಿನ ಸಂಜೆಯವರೆಗೆ ತಿಳಿಯದು. ಅಕ್ಟೋಬರಿನಿಂದ ಶಾಸ್ತ್ರೋತ್ಸವದ, ಅಂದರೆ ಶಾಲಾ ವಿಜ್ಞಾನ ಮೇಳದ, ಗಡಿಬಿಡಿ. ಓಣಂ ರಜೆ ಕಳೆದ ಕೂಡಲೇ, ಇಲ್ಲವಾದರೆ ಜನವರಿ. ಬೇರೆ ಯಾವ ದಿನವೂ ಮಕ್ಕಳ ಮನಸ್ಸು ನಿಮ್ಮ ಕಡೆ ಇರುವುದಿಲ್ಲ.

ಪ್ರಯೋಗಕ್ಕೆ ಏನೂ ಖರ್ಚು ಬೇಡ. ಐದು ಕೆಂಪು ದಾಸವಾಳದ ಎಸಳು 100 ಮಿಲಿ ಬಿಸಿ ನೀರಿನಲ್ಲಿ ಹತ್ತು ನಿಮಿಷ. ಆಮ್ಲಕ್ಕೆ ಗುಲಾಬಿ, ಪ್ರತ್ಯಾಮ್ಲಕ್ಕೆ ಹಸಿರು. ಬಿಂಬುಳಿ ರಸ, ಮಜ್ಜಿಗೆ, ಸೋಡಾಪುಡಿ, ಸೋಪಿನ ನೀರು, ಸುಣ್ಣದ ತಿಳಿ ಸಾಲಾಗಿ ಇಡಿ. ಸುಣ್ಣದ ತಿಳಿಯ ಪಿಎಚ್ 12ರ ಮೇಲೆ, ಕಣ್ಣಿಗೆ ಹಾರಬಾರದು, ಕಲಡಿದ್ದನ್ನು ಕೊಡಬಾರದು. ಅದರ 5 ಮಿಲಿಗೆ ದಾಸವಾಳದ ನೀರು ಹಾಕಿ, ಬಿಂಬುಳಿ ರಸವನ್ನು ಹನಿ ಹನಿಯಾಗಿ ಬಿಟ್ಟು ಬಣ್ಣ ತಿರುಗುವ ಹನಿಯ ಲೆಕ್ಕ ಬರೆಸಿ. ತಟಸ್ಥೀಕರಣ ಅಲ್ಲೇ ಬಂತು. ಅರಿಶಿನ ಪ್ರತ್ಯಾಮ್ಲಕ್ಕೆ ಮಾತ್ರ ಕೆಂಪಾಗುತ್ತದೆ, ಆಮ್ಲವನ್ನು ತೋರಿಸುವುದೇ ಇಲ್ಲ. ಪುನರ್ಪುಳಿ ಬಣ್ಣ ಚಂದ ಎಂದು ಹಾಕುವವರಿಗೆ ಒಂದು ಮಾತು: ಅದರ ಸಾರವೇ ಹುಳಿ, ತುಂಬ ತೆಳು ಮಾಡದಿದ್ದರೆ ಸ್ವಲ್ಪ ಸೋಡಾಪುಡಿಗೆ ಬಣ್ಣ ಬದಲಾಗದು. ದಾಸವಾಳದಲ್ಲಿ ಅದ್ದಿದ ಕಾಗದದ ಪಟ್ಟಿ ಮಳೆಗಾಲದಲ್ಲಿ ಒಣಗುವ ಮೊದಲೇ ಕಂದಾಗುತ್ತದೆ. ಅದೇ ದಿನ ಕುದಿಸಿದ ನೀರೇ ಒಳ್ಳೆಯದು.

ಇನ್ನೊಂದು, ಮುಗಿಸಿ ಹೋಗುವಾಗ ಮೇಜು ಒರೆಸಿ ಹೋಗಿ. ಸೋಪು, ಬಾಳೆಹಣ್ಣಿನ ರಾಡಿ ಬಿಟ್ಟುಹೋದರೆ ತೊಳೆಯುವುದು ಶಾಲೆಯವರು.

ಸುರಂಗದ ನೀರು
ಬಣ್ಣ ನೋಡಿದ್ದಾಯಿತು, ಮತ್ತೆ? ಪೆರ್ಲ, ಬಾಯಾರು, ಎಣ್ಮಕಜೆಯ ಮಕ್ಕಳ ಮನೆಯಲ್ಲಿ ಮುರಕಲ್ಲು (ಜಂಬಿಟ್ಟಿಗೆ) ಕೊರೆದು ನೀರು ತರುವ ಸುರಂಗ ಉಂಟು. ಆ ನೀರನ್ನೇ ಪ್ರಯೋಗ ಮಾಡಿ. ಆದರೆ ಸೋಪಿನ ನೊರೆಯಿಂದ ಗಡಸು ನೀರು ಕಂಡುಹಿಡಿಯುವ ಪಾಠದ ಪ್ರಯೋಗ ಮುರಕಲ್ಲಿನ ನೀರಿನಲ್ಲಿ ಸೋಲುತ್ತದೆ. ಇಲ್ಲಿಯ ನೀರು ಮೆದು, ಸ್ವಲ್ಪ ಆಮ್ಲೀಯ, ಎಲ್ಲರ ಬಾಟ್ಲಿಯಲ್ಲೂ ನೊರೆ ಬರುತ್ತದೆ. ಹೋಲಿಸಲು ಕಡಲ ಬದಿಯ ಬಾವಿಯ ಒಂದು ಬಾಟ್ಲಿ ನೀವೇ ತನ್ನಿ.

ಕಬ್ಬಿಣ ನೋಡಲು ಪೇರಳೆಯ ಎಳೆ ಎಲೆ ಜಜ್ಜಿ ನೀರಿಗೆ ಹಾಕಿ. ಎಲೆಯ ಟ್ಯಾನಿನ್ ಕಬ್ಬಿಣದೊಂದಿಗೆ ಸೇರಿ ಕಪ್ಪು ನೇರಳೆಯಾಗುತ್ತದೆ. ಎಲೆಯ ಹಸಿರೇ ಕಾಣುವಷ್ಟು ಹಾಕಬಾರದು, ಒಂದು ಗ್ಲಾಸಿಗೆ ಒಂದೇ ಎಲೆ. ಸೇದಿದಾಗ ತಿಳಿಯಾಗಿದ್ದು, ಇಟ್ಟ ಮೇಲೆ ಕೆಂಪು ಗಸಿ ಕೂರುವ ನೀರೇ ಇದಕ್ಕೆ ಸರಿ.

ನೀರಿನಲ್ಲಿ ಕರಗಿದ ಲವಣದ ಅಂದಾಜು ತೋರಿಸುವ ಟಿಡಿಎಸ್ ಮೀಟರು ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಆದರೆ ಅದು ಅಳೆಯುವುದು ವಿದ್ಯುತ್ ವಾಹಕತೆ ಮಾತ್ರ. ಅಂಕಿ ಸಣ್ಣದು ಬಂದ ಕೂಡಲೇ ‘ನೀರು ಶುದ್ಧ’ ಎಂದು ಬರೆಸುವ ತಂಡಗಳ ಮೇಲೆ ನನಗೆ ಸಿಟ್ಟು. ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಊರು ಇದು. ಸಿಂಪಡಣೆ ನಿಂತದ್ದು 2000ದಲ್ಲಿ, ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರಲ್ಲಿ. ಮಕ್ಕಳು ನೇರವಾಗಿ ಕೇಳುತ್ತಾರೆ, ನಮ್ಮ ನೀರಿನಲ್ಲಿ ವಿಷ ಉಂಟಾ ಎಂದು. ಈ ಮೀಟರು ಆ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ, ಕೀಟನಾಶಕ ಪತ್ತೆಗೆ ಕ್ರೊಮ್ಯಾಟೊಗ್ರಫಿ (ಬೆರೆತ ರಾಸಾಯನಿಕ ಬೇರ್ಪಡಿಸುವ ವಿಧಾನ) ಇರುವ ಲ್ಯಾಬ್ ಬೇಕು ಎಂದು ಮಕ್ಕಳೆದುರೇ ಹೇಳಬೇಕು.

ಪೆರಿಯ ಲ್ಯಾಬ್
ಅದಕ್ಕೇ ಹೇಳುವುದು, ಮಕ್ಕಳನ್ನು ಪೆರಿಯದ ವಿಶ್ವವಿದ್ಯಾಲಯದ ಲ್ಯಾಬಿಗೆ ತನ್ನಿ. ಸಣ್ಣ ಹನಿಗಳನ್ನು ಅಳೆದು ಹೀರುವ ಮೈಕ್ರೊಪಿಪೆಟ್ ಹಿಡಿದು ಬಣ್ಣದ ನೀರನ್ನು 20, 50, 100 ಮೈಕ್ರೊಲೀಟರ್ ಹನಿಗಳಾಗಿ ಪ್ಯಾರಾಫಿಲ್ಮ್ ಎಂಬ ಮೇಣದಂಥ ಹಾಳೆಯ ಮೇಲೆ ಇಡಲಿ. 100 ಮೈಕ್ರೊಲೀಟರ್ ನೀರು 0.1 ಗ್ರಾಮ್ ತೂಗಬೇಕು, ತಕ್ಕಡಿಯೇ ತೀರ್ಪು ಹೇಳುತ್ತದೆ. ಹೀರುವಾಗ ಗುಂಡಿಯನ್ನು ಮೊದಲ ತಡೆಯವರೆಗೆ ಮಾತ್ರ ಒತ್ತಬೇಕು, ಬಿಡುವಾಗ ಎರಡನೇ ತಡೆಯವರೆಗೆ. ಮಕ್ಕಳು ಹೀರುವಾಗಲೇ ಎರಡನೆಯದಕ್ಕೆ ಒತ್ತುತ್ತಾರೆ, ತೂಕ ಹೆಚ್ಚು ಬರುತ್ತದೆ. ಎಲ್ಲಿ ತಪ್ಪಿತೆಂದು ಹುಡುಕುವುದೇ ಪಾಠ. ತುದಿಯಲ್ಲಿ ದ್ರವ ಇರುವಾಗ ಪಿಪೆಟ್ಟನ್ನು ಅಡ್ಡ ಹಿಡಿದರೆ ನೀರು ಒಳಗೆ ಹೋಗುತ್ತದೆ, ಅದೊಂದನ್ನು ನೋಡಿಕೊಳ್ಳಬೇಕು.

ಬೇಳ ಟೀಚರ್
ಪೆರ್ಲದಿಂದ ಪೆರಿಯಕ್ಕೆ ಬಸ್ಸು ಯಾರು ಕೊಡುತ್ತಾರೆ ಸಾರ್? ಹೋಗಿ ಬರುವುದರಲ್ಲೇ ಅರ್ಧ ದಿನ. 60 ಹೆತ್ತವರ ಒಪ್ಪಿಗೆ ಪತ್ರ, ಜೊತೆಗೆ ಬರಲು ಟೀಚರು, ಮಧ್ಯಾಹ್ನದ ಊಟ, ವಾಂತಿ ಮಾಡುವ ಮಕ್ಕಳು. ಅವರ 12,000ದಲ್ಲಿ ದೊಡ್ಡ ಪಾಲು ಬಸ್ಸಿಗೇ ಹೋಯಿತು. ಮತ್ತೆ ಲ್ಯಾಬಿನಲ್ಲಿ ಒಂದು ಪಿಪೆಟ್ಟಿಗೆ ಹತ್ತು ಮಕ್ಕಳ ಸಾಲು.

ಪೆರಿಯ ಲ್ಯಾಬ್
30 ಮಕ್ಕಳನ್ನು ಬೆಳಿಗ್ಗೆ, 30 ಮಕ್ಕಳನ್ನು ಮಧ್ಯಾಹ್ನ ಕರೆಯಿರಿ. ಪಿಪೆಟ್ ಆರು, ಗುಂಪಿಗೆ ಐವರು. ಸಾಲು ನಿಲ್ಲುವುದು ಯೋಜನೆ ಇಲ್ಲದಾಗ.

ಬೇಳ ಟೀಚರ್
ಹಾಗಾದರೆ ಬಸ್ಸು ಎರಡು ಸಲ! ಲೆಕ್ಕ ಹಾಕಿ ಬರೆಯಿರಿ.

ಪೈವಳಿಕೆ
ಪ್ರಯೋಗ ಯಾವುದಾದರೂ ಆಗಲಿ, ಹತ್ತರಲ್ಲಿ ಮೂವರಿಗೆ ಮಾತ್ರ ಕನ್ನಡ ಎಂಬುದನ್ನು ಯಾರೂ ಮುಟ್ಟಲಿಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಇಲ್ಲಿಯ ಕನ್ನಡ ಮಕ್ಕಳು ಇದನ್ನೇ ನುಂಗಿಕೊಂಡು ಬಂದಿದ್ದಾರೆ. ಕನ್ನಡ ಬಾರದವರನ್ನು ಕನ್ನಡ ಕ್ಲಾಸಿಗೆ ಕಳಿಸುವುದು ಅನ್ಯಾಯ.

ಜೀವಕೋಶ
ಎಲ್ಲದಕ್ಕೂ ಅದನ್ನೇ ಎಳೆಯಬೇಡಿ ಮಾರಾಯ್ರೇ. ಬರುವವರು ಸಂಬಳ ಇಲ್ಲದೆ ಬರುವ ಹುಡುಗರು. ಇಲ್ಲಿಯ ಮಕ್ಕಳಿಗೆ ಮಲಯಾಳ ಅರ್ಥವಾಗುತ್ತದೆ.

ಪೈವಳಿಕೆ
ಅಂಗಡಿಯಲ್ಲಿ ಸಾಮಾನು ಕೇಳುವ ಮಲಯಾಳ ಬೇರೆ, ಅರ್ಧ ಸುತ್ತಿಗೆ ಕರೆಂಟು ಯಾಕೆ ಕಡಿಯಬೇಕು ಎಂದು ವಿವರಿಸುವ ಮಲಯಾಳ ಬೇರೆ. ಮಗು ತಲೆಯಾಡಿಸುತ್ತದೆ, ಪ್ರಶ್ನೆ ಕೇಳುವುದಿಲ್ಲ. ಪ್ರಶ್ನೆ ಬಾರದ ಮೂರು ಗಂಟೆಯಿಂದ ಎಂತ ಪ್ರಯೋಜನ?

ಕುಂಬಳೆ ಭೌತಶಾಸ್ತ್ರ
ಮೂವರು ಕನ್ನಡದವರು ಮಾತಾಡಲಿ, ಒಬ್ಬೊಬ್ಬರಿಗೆ ಹತ್ತು ಜೋಡಿ. ಉಳಿದ ಏಳು ಜನ ತಂತಿ ಕತ್ತರಿಸಲಿ, ಬಾಲ ನೇರ ಮಾಡಲಿ, ಸೆಲ್ಲು ಬದಲಿಸಲಿ. ಮೋಟರಿನ ಕೆಲಸಕ್ಕೆ ಕೈಯೂ ಬೇಕು. ಪದಗಳನ್ನು ಮಕ್ಕಳ ಪಾಠಪುಸ್ತಕದಿಂದಲೇ ತೆಗೆಯಿರಿ, ನಿಮ್ಮದೇ ಹೊಸ ಪದ ಬೇಡ.

ಸಂಶೋಧನಾ ವಿದ್ಯಾರ್ಥಿ, ಕಾಸರಗೋಡು
ಜನವರಿಗೆ ಇಡುತ್ತೇವೆ ಟೀಚರ್. ಮೋಟರ್ ಮತ್ತು ದಾಸವಾಳ ಎರಡೂ ಮಾಡಿದರೆ ಸಮಯ ಸಾಕಾದೀತೇ? ಎರಡೂ ತುದಿ ಪೂರ್ತಿ ಕೆರೆದು, ಒಂದರ ಅರ್ಧಕ್ಕೆ ಪರ್ಮನೆಂಟ್ ಮಾರ್ಕರ್ ಎಳೆದರೆ ಆಗುತ್ತದೆ ಎಂದು ಒಬ್ಬರು ಹೇಳಿದರು.

ಬಯೋಕೆಮ್ ಉಪ್ಪಳ
ಬಟಾಣಿಯ ಬಗ್ಗೆ ಒಂದು ಮಾತೂ ಇಲ್ಲ.

ಕುಂಬಳೆ ಭೌತಶಾಸ್ತ್ರ
ಮಾರ್ಕರ್ ಬೇಡ. ಪಿನ್ನಿನ ತೂತಿನಲ್ಲಿ ಉಜ್ಜಿ ಶಾಯಿ ಬೇಗ ಹೋಗುತ್ತದೆ, ಮತ್ತೆ ಸುರುಳಿ ತೂಗಲು ಶುರು. ಎರಡೂ ಪೂರ್ತಿ ಕೆರೆದದ್ದಾದರೆ ಒಂದರ ಅರ್ಧಕ್ಕೆ ಉಗುರಿನ ಬಣ್ಣ ಹಚ್ಚಿ, ಹತ್ತು ನಿಮಿಷ ಒಣಗಿಸಿ. ಒಂದು ಸಣ್ಣ ಬಾಟ್ಲಿ 30 ಸುರುಳಿಗೆ ಧಾರಾಳ. ಮೋಟರಿಗೇ ಎರಡು ಗಂಟೆ ಬೇಕು, ದಾಸವಾಳವನ್ನು ಅದರ ನಂತರ ಇಡಿ. ಒದ್ದೆ ಕೈಯಲ್ಲಿ ತಂತಿ ಕೆರೆಯಲು ಆಗುವುದಿಲ್ಲ.