ಮಂಗನ ಕಾಯಿಲೆಯನ್ನು ಅರಿಯಲು ಇಲಿ ಸಾಕೇ?

ಪ್ರಶ್ನೆ (ಅಡಿಕೆ ಬೆಳೆಗಾರರು, ಸಿದ್ದಾಪುರ): ಡಾಕ್ಟರೇ, ನಮಸ್ಕಾರ. ಮೊನ್ನೆ ಸೊಪ್ಪಿನ ಬೆಟ್ಟದಲ್ಲಿ ದರಕು (ಒಣಗಿದ ಎಲೆ) ಗುಡಿಸುವಾಗ ಮುಸಿಯವೊಂದು (ಕಪ್ಪು ಮುಖದ ಮಂಗ) ಸತ್ತು ಬಿದ್ದಿದ್ದು ಕಂಡಿತು. ಆರೋಗ್ಯ ಕೇಂದ್ರಕ್ಕೆ ತಿಳಿಸಿದೆವು. ಬಂದವರು ಮಾದರಿ ತೆಗೆದುಕೊಂಡು ಹೋದರು. ಈ ಕಾಯಿಲೆಯ ಲಸಿಕೆ, ಔಷಧಗಳನ್ನು ಮೊದಲು ಬಿಳಿ ಇಲಿಗಳ ಮೇಲೆ ಪರೀಕ್ಷಿಸುತ್ತಾರಂತೆ. ಕಾಡಿನಲ್ಲಿ ಸಾಯುವುದು ಮಂಗ, ಊರಿನಲ್ಲಿ ನರಳುವವರು ನಾವು, ಇಲಿಯಿಂದ ತಿಳಿಯುವುದೇನು?

ಉತ್ತರ (ಪಶುರೋಗ ತಜ್ಞರು, ಶಿರಸಿ): ನಮಸ್ಕಾರ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಈ ವೈರಸ್ಸನ್ನು ಬೇರ್ಪಡಿಸಲು ನೆರವಾದದ್ದು ಇಲಿಮರಿಗಳೇ. ಬೆಳೆದ ಇಲಿಗಳೂ ಈ ಸೋಂಕಿಗೆ ಬಲಿಯಾಗುತ್ತವೆ, ಆದರೆ ತೊಡಕಿರುವುದು ಅವು ಸಾಯುವ ರೀತಿಯಲ್ಲಿ. ಇಲಿಯಲ್ಲಿ ವೈರಸ್ ಮುಖ್ಯವಾಗಿ ಮಿದುಳನ್ನು ಕೆಡಿಸುತ್ತದೆ. ಮನುಷ್ಯನಿಗಾದರೋ ಮೊದಲು ಜ್ವರ, ತಲೆನೋವು, ಸಹಿಸಲಾಗದ ಮೈಕೈ ನೋವು ಬರುತ್ತದೆ. ಕೆಲವರಿಗೆ ಮೂಗು, ವಸಡುಗಳಿಂದ ರಕ್ತ ಒಸರುತ್ತದೆ. ಮಿದುಳಿನ ಲಕ್ಷಣಗಳು ಕಾಣುವುದು ಜ್ವರ ಬಿಟ್ಟು ಒಂದೆರಡು ವಾರ ಕಳೆದ ಮೇಲೆ, ಅದೂ ಕೆಲವರಲ್ಲಿ ಮಾತ್ರ. ಆದ್ದರಿಂದ ಒಂದು ಔಷಧ ಇಲಿಯನ್ನು ಉಳಿಸಿತು ಎಂದಾಕ್ಷಣ ರಕ್ತಸ್ರಾವದ ರೋಗಿಯನ್ನೂ ಉಳಿಸೀತು ಎಂದು ನಾನು ನಂಬಲಾರೆ.

ಹಾಗೆಂದು ಇಲಿಯ ಬದಲು ಯಾವ ಮಂಗವಾದರೂ ಆದೀತು ಎಂದಲ್ಲ. ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಬಳಸುವ ರೀಸಸ್ ಮಂಗದ ಜೀವಕೋಶಗಳಲ್ಲಿ ಟ್ರಿಮ್5 ಎಂಬ ಪ್ರೋಟೀನು ಈ ವೈರಸ್ ಬೆಳೆಯದಂತೆ ತಡೆಯುತ್ತದೆ. ಆ ತಡೆ ಇಲ್ಲದ ಹಂದಿಬಾಲದ ಮಂಗಕ್ಕೆ ಸೋಂಕು ತಗುಲಿಸಿ ನೋಡಿದಾಗ ಕಾಯಿಲೆ ತೀವ್ರವಾಗಿಯೇ ಕಾಣಿಸಿಕೊಂಡಿತು. ಮನುಷ್ಯರ ಕಾಯಿಲೆಗೆ ಅದು ಇಲಿಗಿಂತ ಹೆಚ್ಚು ಹತ್ತಿರ. ಎಬೋಲ ಎಂಬ ಮಾರಕ ವೈರಸ್ ಜ್ವರದಲ್ಲಿಯೂ ಇಂಥದೇ ಸಂಗತಿಯಿದೆ: ರೋಗಿಯಿಂದ ಬಂದ ವೈರಸ್ ಸಾಮಾನ್ಯ ಬೆಳೆದ ಇಲಿಯನ್ನು ಕೊಲ್ಲುವುದಿಲ್ಲ, ಅದನ್ನು ಇಲಿಯಿಂದ ಇಲಿಗೆ ದಾಟಿಸಿ ಪಳಗಿಸಬೇಕಾಗುತ್ತದೆ, ಮಂಗಗಳಿಗೆ ಮಾತ್ರ ಪಳಗಿಸದ ವೈರಸ್ಸೇ ಮಾರಕ. ಹಾಗಾಗಿ ಹತ್ತಾರು ಔಷಧಗಳನ್ನು ಇಲಿಯಲ್ಲಿ ಜರಡಿ ಹಿಡಿದು, ಉಳಿದ ಒಂದೆರಡನ್ನು ಮಾತ್ರ ಮಂಗದಲ್ಲಿ ನೋಡುವುದು ಸರಿ ಎಂಬುದು ನನ್ನ ಅಭಿಪ್ರಾಯ. ಮಂಗವೂ ನೋವುಣ್ಣುವ ಜೀವಿಯೆಂಬುದನ್ನು ಮರೆಯಬಾರದು.

ಪ್ರಶ್ನೆ: ಹಾಗಾದರೆ ನಮ್ಮ ಬೆಟ್ಟದ ಮುಸಿಯಗಳನ್ನೇ ಹಿಡಿದು ಪರೀಕ್ಷಿಸಬಹುದಲ್ಲವೇ?

ಉತ್ತರ: ಕಾನೂನಿನ ತಡೆಯಿದೆ, ಅದಿಲ್ಲದಿದ್ದರೂ ನಾನು ಒಪ್ಪುತ್ತಿರಲಿಲ್ಲ. ಕಾಡಿನ ಮುಸಿಯಕ್ಕೆ ಹಿಂದೆಯೇ ಸೋಂಕು ತಗುಲಿ ವಾಸಿಯಾಗಿದ್ದರೆ ಅದರ ರಕ್ತದಲ್ಲಿ ವೈರಸ್ಸನ್ನು ಎದುರಿಸುವ ಪ್ರತಿಕಾಯಗಳಿರುತ್ತವೆ. ಲಸಿಕೆ ಕೊಟ್ಟ ಮೇಲೆ ಅದು ಬದುಕಿದರೆ, ಉಳಿಸಿದ್ದು ಲಸಿಕೆಯೋ ಹಳೆಯ ಸೋಂಕೋ ಎಂದು ಹೇಳುವುದು ಕಷ್ಟ. ಸತ್ತ ಮುಸಿಯದಿಂದ ತೆಗೆದ ಮಾದರಿಯ ಬೆಲೆಯೇ ಬೇರೆ: ನಿಮ್ಮ ಬೆಟ್ಟದಲ್ಲಿ ಈಗ ವೈರಸ್ ಇದೆಯೇ ಎಂಬುದನ್ನು ಅದು ಹೇಳುತ್ತದೆ. ಮುಸಿಯದ ಮೈ ತಣ್ಣಗಾಗುತ್ತಿದ್ದಂತೆ ಈ ಕಾಯಿಲೆಯನ್ನು ಹರಡುವ ಉಣುಗುಗಳು (ಉಣ್ಣೆಗಳು) ಅದರ ಕಿವಿ, ಕುತ್ತಿಗೆಗಳಿಂದ ಇಳಿದು ಸುತ್ತಲಿನ ದರಕಿನೊಳಗೆ ಸೇರಿಕೊಳ್ಳುತ್ತವೆ. ವರದಿ ಬರುವ ತನಕ ಆ ಜಾಗದ ದರಕನ್ನು ದಯವಿಟ್ಟು ಕೊಟ್ಟಿಗೆಗೆ ತರಬೇಡಿ.