ಎರಡು ತಿಂಗಳು ನಿಂತ ಹಳೇ ಲಾರಿ ಸ್ಟಾರ್ಟ್ ಆಗ್ತಿಲ್ಲ, ಡೀಸೆಲ್ ಪಂಪ್ ಬಿಚ್ಚಿಸಬೇಕಾ?

ಪ್ರಶ್ನೆ (ಮಲ್ಪೆ): ನಮ್ಮದು ಹಳೇ ಟಾಟಾ 1613. ಮಲ್ಪೆ ಬಂದರಿನಿಂದ ಮೀನು ಸಾಗಿಸುವ ಗಾಡಿ. ಜೂನ್ 1ರಿಂದ ಜುಲೈ 31ರವರೆಗೆ ಬೋಟ್‌ಗಳಿಗೆ ರಜೆ ಅಲ್ವಾ, ಹಾಗಾಗಿ ಲಾರಿಯೂ ಮನೆ ಹಿಂದೆ ಮಳೆಗೆ ನಿಂತಿತ್ತು. ಈಗ ಸೆಲ್ಫ್ (ಸ್ಟಾರ್ಟರ್ ಮೋಟರ್) ಹೊಡೆದರೆ ಇಂಜಿನ್ ತಿರುಗುತ್ತದೆ, ಆದರೆ ಹಿಡಿಯುವುದಿಲ್ಲ. ಎರಡೂ ಬ್ಯಾಟರಿ ಚಾರ್ಜ್ ಮಾಡಿಸಿದ್ದೇನೆ. ಒಬ್ಬರು ಪಂಪ್ ಹೋಗಿದೆ, ಬಿಚ್ಚಿ ರಿಪೇರಿಗೆ ಕೊಡಿ ಅಂತಾರೆ. ಇನ್ನೊಬ್ಬರು ಸೆಲ್ಫ್ ಬದಲಿಸಿ ಅಂತಾರೆ. ಬೋಟ್ ಎಲ್ಲಾ ಕಡಲಿಗೆ ಇಳಿದಾಯ್ತು. ಯಾರ ಮಾತು ಕೇಳಲಿ ಅಣ್ಣ?

ಉತ್ತರ (ಡೀಸೆಲ್ ಮೆಕ್ಯಾನಿಕ್, ಉಡುಪಿ): ಸದ್ಯಕ್ಕೆ ಇಬ್ಬರ ಮಾತನ್ನೂ ಬಿಡಿ ಮಾರಾಯ್ರೆ. ಇಂಜಿನ್ ಚೆನ್ನಾಗಿ ತಿರುಗುತ್ತಿದ್ದರೆ ಸೆಲ್ಫಿಗೆ ಯಾಕೆ ದುಡ್ಡು ಹಾಕುತ್ತೀರಿ? ರಜೆಗೆ ಮುಂಚೆ ಚೆನ್ನಾಗಿ ಓಡಿದ ಪಂಪ್ ನಿಂತಲ್ಲೇ ಕೆಡುವುದೂ ಕಡಿಮೆ. ನೀರು ಹೋಗಿ ಒಳಗೆ ತುಕ್ಕು ಹಿಡಿದರೆ ಆ ಮಾತು ಬೇರೆ. ಅದನ್ನು ಕೊನೆಗೆ ನೋಡೋಣ.

ಮೂರು ವಿಷಯ ಹೇಳಿ. ಸೆಲ್ಫ್ ಹೊಡೆಯುವಾಗ ಸೈಲೆನ್ಸರ್‌ನಲ್ಲಿ ಹೊಗೆ ಬರುತ್ತದಾ? ಆ ಹೊತ್ತಿಗೆ ಎರಡು ಬ್ಯಾಟರಿ ಸೇರಿ ಎಷ್ಟು ವೋಲ್ಟ್ ತೋರಿಸುತ್ತದೆ? ಇಂಜಿನ್ ಆಫ್ ಮಾಡಲು ಎಳೆಯುತ್ತೀರಲ್ಲ, ಆ ಸ್ಟಾಪ್ ಕೇಬಲ್ ಪೂರ್ತಿ ವಾಪಸ್ ಹೋಗಿದೆಯಾ? ಕ್ಯಾಬಿನ್‌ನಲ್ಲಿ ಹಿಡಿಕೆ ಒಳಗೆ ಹೋದರೆ ಸಾಲದು. ಪಂಪಿನ ಹತ್ತಿರ ಲಿವರ್ ಕೈಯಲ್ಲಿ ಅಲ್ಲಾಡಿಸಿ ನೋಡಿ. ಮಳೆಗೆ ಕೇಬಲ್ ಒಳಗೆ ತುಕ್ಕು ಹಿಡಿದು ಲಿವರ್ ಅರ್ಧದಲ್ಲೇ ನಿಂತರೆ ಪಂಪ್ ಡೀಸೆಲ್ ಕೊಡುವುದೇ ಇಲ್ಲ.

ಪ್ರಶ್ನೆ ಕೇಳಿದವರು: ಹೊಗೆ ಚೂರೂ ಇಲ್ಲ. ಸುಮ್ನೆ ಇಟ್ಟಾಗ 25.2, ಸೆಲ್ಫ್ ಹೊಡೆಯುವಾಗ 21ರ ಹತ್ತಿರ. ಲಿವರ್ ಸರಿಯಾಗಿ ಆಡುತ್ತದೆ.

ಮೆಕ್ಯಾನಿಕ್: ಹಾಗಾದರೆ ಬ್ಯಾಟರಿ ಸರಿ ಇದೆ. 24 ವೋಲ್ಟ್ ಗಾಡಿಯಲ್ಲಿ ಸೆಲ್ಫ್ ಹೊಡೆಯುವಾಗ 19ಕ್ಕಿಂತ ಕೆಳಗೆ ಹೋದರೆ ಬ್ಯಾಟರಿ ಅಥವಾ ಕೇಬಲ್ ಮೇಲೆ ಅನುಮಾನ ಪಡಬೇಕು.

ಹೊಗೆ ಇಲ್ಲ ಅಂದಿರಲ್ಲ, ಅದೇ ದೊಡ್ಡ ಸುಳಿವು. ಬಿಳಿ ಹೊಗೆ ಬಂದಿದ್ದರೆ ಡೀಸೆಲ್ ಸಿಲಿಂಡರ್‌ಗೆ ಹೋಗುತ್ತಿದೆ, ಉರಿಯುತ್ತಿಲ್ಲ ಅಂತ. ಆಗ ಕಂಪ್ರೆಷನ್, ಟೈಮಿಂಗ್, ಸಿಲಿಂಡರ್‌ಗೆ ಡೀಸೆಲ್ ಸಿಂಪಡಿಸುವ ನಾಝಲ್ ನೋಡಬೇಕಿತ್ತು. ಹೊಗೆಯೇ ಇಲ್ಲ ಅಂದರೆ ಡೀಸೆಲ್ ಅಲ್ಲಿವರೆಗೆ ಮುಟ್ಟುತ್ತಿಲ್ಲ. ಟ್ಯಾಂಕಿನಿಂದ ನಾಝಲ್‌ವರೆಗೆ ಎಲ್ಲಿ ನಿಂತಿದೆ ಅಂತ ಹುಡುಕಿದರೆ ಆಯ್ತು.

ಮೊದಲು ಫಿಲ್ಟರ್ ಕೆಳಗಿನ ಡ್ರೈನ್ ಸ್ಕ್ರೂ ಬಿಚ್ಚಿ, ಒಂದು ಗಾಜಿನ ಬಾಟಲಿಗೆ ಹಿಡಿಯಿರಿ. ಅರ್ಧ ಟ್ಯಾಂಕ್‌ನಲ್ಲಿ ಗಾಡಿ ನಿಲ್ಲಿಸಿದ್ದರೆ ನೀರು ಬರುವ ಸಾಧ್ಯತೆ ಜಾಸ್ತಿ. ಖಾಲಿ ಜಾಗದ ಗಾಳಿಯಲ್ಲಿರುವ ತೇವ ರಾತ್ರಿ ತಣ್ಣಗಾಗಿ ನೀರಾಗುತ್ತದೆ, ಡೀಸೆಲ್‌ಗಿಂತ ಭಾರ ಆದ್ದರಿಂದ ತಳಕ್ಕೆ ಇಳಿಯುತ್ತದೆ. ನಮ್ಮ ಕರಾವಳಿಯ ಜೂನ್, ಜುಲೈ ಅಂದರೆ ಹೇಳಬೇಕಾ!

ಆಮೇಲೆ ಏರ್, ಅಂದರೆ ಡೀಸೆಲ್ ಲೈನಿನಲ್ಲಿ ಸೇರಿದ ಗಾಳಿ, ತೆಗೆಯಿರಿ; ಗಾಳಿ ಇದ್ದರೆ ಡೀಸೆಲ್ ಮುಂದೆ ಹೋಗುವುದಿಲ್ಲ. ಫಿಲ್ಟರ್ ಮೇಲಿನ ಬ್ಲೀಡರ್ ಸ್ಕ್ರೂ ಸಡಿಲ ಮಾಡಿ, ಫೀಡ್ ಪಂಪಿನ (ಟ್ಯಾಂಕಿನಿಂದ ಡೀಸೆಲ್ ಎಳೆಯುವ ಸಣ್ಣ ಪಂಪ್) ಹ್ಯಾಂಡ್ ಪಂಪ್ ಹೊಡೆಯುತ್ತಾ ಇರಿ. ಗುಳ್ಳೆ ನಿಂತು ಬರೀ ಡೀಸೆಲ್ ಬಂದ ಮೇಲೆ ಬಿಗಿ ಮಾಡಿ. ಹಾಗೇ ನಾಝಲ್‌ಗಳಿಗೆ ಡೀಸೆಲ್ ತಳ್ಳುವ ದೊಡ್ಡ ಪಂಪಿನ ಸ್ಕ್ರೂನಲ್ಲೂ ತೆಗೆಯಿರಿ. ಕೊನೆಗೆ ನಾಝಲ್ ಹತ್ತಿರದ ಎರಡು ಮೂರು ಪೈಪಿನ ನಟ್ ಸಡಿಲ ಮಾಡಿ. ಒಬ್ಬರು ಆಕ್ಸಿಲರೇಟರ್ ಪೂರ್ತಿ ತುಳಿದು ಸೆಲ್ಫ್ ಹೊಡೆಯಲಿ. ಡೀಸೆಲ್ ಬಂದ ತಕ್ಷಣ ನಟ್ ಬಿಗಿ ಮಾಡಿ. ಒಂದು ಸಲಕ್ಕೆ 10–15 ಸೆಕೆಂಡ್‌ಗಿಂತ ಜಾಸ್ತಿ ಹೊಡೆಯಬೇಡಿ. ನಡುವೆ ಒಂದೆರಡು ನಿಮಿಷ ಬಿಡಿ, ಇಲ್ಲದಿದ್ದರೆ ಈಗ ಚೆನ್ನಾಗಿರುವ ಸೆಲ್ಫ್ ನಿಜವಾಗಿಯೂ ಸುಡುತ್ತದೆ.

ಓದುವ ಬೇರೆಯವರಿಗೆ ಒಂದು ಮಾತು. ಈ ನಟ್ ಸಡಿಲಿಸುವ ಕೆಲಸ ಹಳೇ ಮೆಕ್ಯಾನಿಕಲ್ ಪಂಪಿಗೆ ಮಾತ್ರ. ಕಂಪ್ಯೂಟರ್ ಹಿಡಿತದಲ್ಲಿ ಡೀಸೆಲ್ ಹೋಗುವ ಹೊಸ ಕಾಮನ್ ರೈಲ್ ಗಾಡಿಯಲ್ಲಿ 1,000 ಬಾರ್‌ಗಿಂತ ಜಾಸ್ತಿ ಪ್ರೆಷರ್ ಇರುತ್ತದೆ, ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹಳೇ ಗಾಡಿಯಲ್ಲೂ ಕೈ, ಮುಖ ದೂರ ಇರಲಿ.

ಸುರತ್ಕಲ್‌ನಿಂದ ಒಬ್ಬರು: ಇಷ್ಟೆಲ್ಲಾ ಯಾಕೆ? ಏರ್ ಫಿಲ್ಟರ್ ಪೈಪಿಗೆ ಪೆಟ್ರೋಲ್ ಅದ್ದಿದ ಬಟ್ಟೆ ಹಿಡಿದರೆ ಒಂದೇ ಸಲಕ್ಕೆ ಹಿಡಿಯುತ್ತದೆ.

ಮೆಕ್ಯಾನಿಕ್: ಹಿಡಿಯಬಹುದು. ಆದರೆ ಪೆಟ್ರೋಲ್ ಆವಿ ಹೊತ್ತಲ್ಲದ ಹೊತ್ತಿಗೆ ಸಿಡಿದರೆ ಪಿಸ್ಟನ್ ರಿಂಗ್ ಮುರಿಯುತ್ತದೆ, ಬಟ್ಟೆ ಒಳಗೆ ಎಳೆದುಕೊಂಡರೆ ಮುಗೀತು. ಬೆಂಕಿ ಭಯ ಬೇರೆ. ಡೀಸೆಲ್ಲೇ ಬರದ ಇಂಜಿನ್ ಎರಡು ಸಲ ಕೆಮ್ಮಿ ಮತ್ತೆ ನಿಲ್ಲುತ್ತದೆ, ಅಷ್ಟೇ. ದಯವಿಟ್ಟು ಇದನ್ನು ಯಾರೂ ಮಾಡಬೇಡಿ.

ಮಂಗಳೂರು ಬಂದರ್‌ನಿಂದ ಒಬ್ಬರು: ನಮ್ಮ ಲಾರಿಯಲ್ಲಿ ಕೀ ತಿರುಗಿಸಿದರೆ ಟಕ್ ಅಂತ ಒಂದು ಶಬ್ದ, ಇಂಜಿನ್ ತಿರುಗುವುದೇ ಇಲ್ಲ. ಇದೂ ಏರ್ ಹಿಡಿದದ್ದಾ?

ಮೆಕ್ಯಾನಿಕ್: ಅಲ್ಲ, ನಿಮ್ಮದು ಕರೆಂಟ್ ಕಡೆಯದು. ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೆಯಿರಿ. ಲೈಟ್ ಪೂರ್ತಿ ಮಂಕಾದರೆ ಬ್ಯಾಟರಿ ಡೌನ್ ಅಥವಾ ಟರ್ಮಿನಲ್ ಸಡಿಲ. ಲೈಟ್ ಹಾಗೇ ಇದ್ದರೆ ಸೆಲ್ಫಿನ ಸ್ವಿಚ್ ಅಥವಾ ಅರ್ಥ್ (ಇಂಜಿನ್, ಚಾಸಿಸ್‌ನಿಂದ ಬ್ಯಾಟರಿಗೆ ಕರೆಂಟ್ ವಾಪಸ್ ಹೋಗುವ ದಾರಿ). ಮೀನಿನ ಗಾಡಿಯಾದರೆ ಮೊದಲು ಅರ್ಥ್ ಪಟ್ಟಿ ನೋಡಿ. ಐಸ್ ಕರಗಿದ ಉಪ್ಪುನೀರು ಚಾಸಿಸ್ ಮೇಲೇ ಸುರಿಯುತ್ತದೆ, ಪಟ್ಟಿ ಹೊರಗೆ ಚೆನ್ನಾಗಿ ಕಂಡರೂ ಬೋಲ್ಟಿನ ಅಡಿ ತುಕ್ಕಿರುತ್ತದೆ. ಬ್ಯಾಟರಿ ನೆಗೆಟಿವ್‌ನಿಂದ ನೇರ ಇಂಜಿನ್ ಬ್ಲಾಕ್‌ಗೆ ಒಂದು ದಪ್ಪ ಜಂಪರ್ ಕೇಬಲ್ ಹಾಕಿ. ಆಗ ತಿರುಗಿದರೆ ರೋಗ ಅದೇ.

ಪ್ರಶ್ನೆ ಕೇಳಿದವರು: ಫಿಲ್ಟರ್‌ನಲ್ಲಿ ನೀರು ಬಂತು, ಕಪ್ಪು ಲೋಳೆಯೂ ಇತ್ತು. ಫಿಲ್ಟರ್ ಹೊಸದು ಹಾಕಿ ಏರ್ ತೆಗೆದೆ, ಸ್ಟಾರ್ಟ್ ಆಯ್ತು! ಸಂಜೆವರೆಗೆ ಓಡಿಸಿದೆ. ಆದರೆ ಬೆಳಿಗ್ಗೆ ಮತ್ತೆ ಅದೇ ಕತೆ. ಹ್ಯಾಂಡ್ ಪಂಪ್ ಹೊಡೆದರೆ ಬರೀ ಗುಳ್ಳೆ. ಎಲ್ಲೂ ಡೀಸೆಲ್ ಸೋರುವುದು ಕಾಣುವುದಿಲ್ಲ.

ಮೆಕ್ಯಾನಿಕ್: ಸೋರುವುದು ಕಾಣುವುದಿಲ್ಲ. ಟ್ಯಾಂಕಿನಿಂದ ಫೀಡ್ ಪಂಪ್‌ವರೆಗಿನ ಪೈಪಿನಲ್ಲಿ ಪಂಪ್ ಎಳೆಯುತ್ತದೆ, ತಳ್ಳುವುದಿಲ್ಲ. ಅಲ್ಲಿ ಸಣ್ಣ ತೂತಿದ್ದರೆ ಡೀಸೆಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ರಾತ್ರಿ ಪೈಪಿನ ಡೀಸೆಲ್ ವಾಪಸ್ ಟ್ಯಾಂಕಿಗೆ ಇಳಿಯುತ್ತದೆ. ಓಡುವಾಗ ತೊಂದರೆ ಗೊತ್ತಾಗುವುದಿಲ್ಲ, ಬೆಳಿಗ್ಗೆ ಕಾಟ.

ಫೀಡ್ ಪಂಪಿಗೆ ಬರುವ ಪೈಪ್ ಬಿಚ್ಚಿ, ಅಲ್ಲಿಗೆ ಒಂದು ಹೊಸ ಹೋಸ್ ಹಾಕಿ, ಇನ್ನೊಂದು ತುದಿ ಶುದ್ಧ ಡೀಸೆಲ್ ಇರುವ ಕ್ಯಾನಿನಲ್ಲಿ ಇಡಿ. ಕ್ಯಾನ್ ಪಂಪಿಗಿಂತ ಕೆಳಗೇ ಇರಲಿ. ಏರ್ ತೆಗೆದು ಓಡಿಸಿ, ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಒಂದೇ ಸಲಕ್ಕೆ ಹಿಡಿದರೆ ತಪ್ಪು ಹಳೇ ಪೈಪಿನದ್ದು. ಆಗಲೂ ಹಿಡಿಯದಿದ್ದರೆ ಫೀಡ್ ಪಂಪಿನ ವಾಲ್ವ್ ಮತ್ತು ತಾಮ್ರದ ವಾಷರ್ ನೋಡಿ.

ಪ್ರಶ್ನೆ ಕೇಳಿದವರು: ಕ್ಯಾನಿನಲ್ಲಿ ಬೆಳಿಗ್ಗೆ ತಟ್ಟನೆ ಹಿಡಿಯಿತು ಅಣ್ಣ. ಪೈಪ್ ಬಿಚ್ಚಿ ನೋಡಿದರೆ ಚಾಸಿಸ್‌ಗೆ ಕ್ಲಿಪ್ ಹಾಕಿದ ಜಾಗದಲ್ಲಿ ತುಕ್ಕು ತಿಂದು ಸೂಜಿಮೊನೆಯಷ್ಟು ತೂತು. ಪಂಪ್ ಬಿಚ್ಚಿಸಿದ್ದರೆ ದುಡ್ಡು ದಂಡ ಆಗ್ತಿತ್ತು. ಎಂ-ಸೀಲ್ ಹಚ್ಚಿದರೆ ಸಾಕಾ?

ಮೆಕ್ಯಾನಿಕ್: ಬೇಡ, ಅಲುಗಾಟಕ್ಕೆ ಬಿರುಕು ಬಿಡುತ್ತದೆ. ಪೈಪ್ ಪೂರ್ತಿ ಬದಲಿಸಿ, ಕ್ಲಿಪ್ ಅಡಿಗೆ ರಬ್ಬರ್ ತುಂಡು ಇಡಿ. ಲೋಳೆ ಇತ್ತು ಅಂದಿರಲ್ಲ, ಟ್ಯಾಂಕ್ ಇಳಿಸಿ ತೊಳೆಸದಿದ್ದರೆ ಹೊಸ ಫಿಲ್ಟರ್ ಕೂಡ ಬೇಗ ಕಟ್ಟುತ್ತದೆ. ಮುಂದಿನ ರಜೆಗೆ ಟ್ಯಾಂಕ್ ತುಂಬಿಸಿ ನಿಲ್ಲಿಸಿ, ಬ್ಯಾಟರಿ ನೆಗೆಟಿವ್ ತೆಗೆದಿಡಿ. ಅಂದ ಹಾಗೆ, ಉಳಿದ ಡೀಸೆಲ್ ಟ್ಯಾಂಕಿಗೆ ವಾಪಸ್ ತರುವ ರಿಟರ್ನ್ ಪೈಪ್ ಕೂಡ ಅದೇ ಕ್ಲಿಪ್‌ನಲ್ಲಿ ಹೋಗಿದ್ದರೆ ಅದನ್ನೂ ಈಗಲೇ ನೋಡಿಬಿಡಿ.